ಓದುಗರ ಪ್ರಶ್ನೆ: ಮೈಲುತುತ್ತ, ಸುಣ್ಣ, ಪೊಟ್ಯಾಷ್ – ಹೆಸರಿನೊಳಗಿನ ಲೆಕ್ಕ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಸಾಯನಿಕಗಳ ಹೆಸರಿನ ಬಗ್ಗೆಯೇ ಇವೆ. ಶಾಲೆಯ ಮಕ್ಕಳೂ ತೋಟದವರೂ ಬೇರೆ ಬೇರೆ ದಾರಿಯಲ್ಲಿ ಹೊರಟು ಒಂದೇ ಗೊಂದಲಕ್ಕೆ ಬಂದು ನಿಂತಿದ್ದಾರೆ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಉತ್ತರಿಸಿದ್ದೇವೆ. ಸೂತ್ರಗಳನ್ನು ಮಾತಿನಲ್ಲಿ ಬಿಡಿಸಿ ಹೇಳಿದ್ದೇವೆ. ಪರೀಕ್ಷೆಯಲ್ಲಿ ಚಿಹ್ನೆಗಳಲ್ಲೇ ಬರೆಯಬೇಕು. ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು; ಅದರ ಆವೇಶವನ್ನು 2+, 1– ಹೀಗೆ ತೋರಿಸಿದೆ.

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್‌ನಲ್ಲಿ 'ಡೈ' ಇದೆ. ಮೆಗ್ನೀಸಿಯಂ ಕ್ಲೋರೈಡ್‌ನಲ್ಲೂ ಕ್ಲೋರಿನ್ ಎರಡೇ ಇರುವುದು, ಅಲ್ಲಿ 'ಡೈ' ಯಾಕಿಲ್ಲ? ಕಿರುಪರೀಕ್ಷೆಯಲ್ಲಿ ಮೆಗ್ನೀಸಿಯಂ ಡೈಕ್ಲೋರೈಡ್ ಅಂತ ಬರೆದೆ, ಅಂಕ ಹೋಯಿತು.
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಸಕಲೇಶಪುರ

ಉತ್ತರ: ಎಷ್ಟು ಪರಮಾಣು ಇವೆ ಎಂದು ನೋಡಿ 'ಡೈ' ಹಾಕುವುದಲ್ಲ. ಹೆಸರು ಓದಿದವರಿಗೆ ಆ ಸಂಖ್ಯೆ ತಾನಾಗಿಯೇ ಗೊತ್ತಾಗುತ್ತದೆಯೇ ಎಂದು ನೋಡಬೇಕು. ಮೆಗ್ನೀಸಿಯಂ ಅಯಾನಾದರೆ ಅದರ ಆವೇಶ 2+, ಬೇರೆ ಮಾತಿಲ್ಲ. ಕ್ಲೋರೈಡ್ 1–. ಒಂದು ಮೆಗ್ನೀಸಿಯಂಗೆ ಎರಡು ಕ್ಲೋರೈಡ್ ಸೇರಿದರಷ್ಟೇ ಲೆಕ್ಕ ಸೊನ್ನೆಗೆ ಬರುತ್ತದೆ. ಒಂದು ಸಾಲದು, ಮೂರು ಹೆಚ್ಚಾಯಿತು. ಬೇರೆ ದಾರಿಯೇ ಇಲ್ಲದ ಕಡೆ ಸಂಖ್ಯೆ ಯಾಕೆ ಹೇಳಬೇಕು? ನೀವು ಬರೆದ ಹೆಸರಿನಿಂದ ಅರ್ಥ ಕೆಡುವುದಿಲ್ಲ, ರಾಸಾಯನಿಕಗಳ ಹೆಸರು ನಿಗದಿಪಡಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿಯ ನಿಯಮಗಳೂ ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಶಾಲೆಯಲ್ಲಿ ಕಲಿಸುವ ಕ್ರಮದಲ್ಲಿ ಅದಕ್ಕೆ ಅಂಕವಿಲ್ಲ. ಅಂಕ ಕಳೆದವರ ಮೇಲೆ ಬೇಸರ ಬೇಡ.

ಕಾರ್ಬನ್, ಆಕ್ಸಿಜನ್ ಎರಡೂ ಅಲೋಹಗಳು. ಅವು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಅಣುವಾಗುತ್ತವೆ. ಅಲ್ಲಿ ಅಯಾನುಗಳಿಲ್ಲ, ಆವೇಶ ಕೂಡಿಸಿ ಸಂಖ್ಯೆ ಕಂಡುಹಿಡಿಯುವ ದಾರಿಯೂ ಇಲ್ಲ. ಅದೂ ಅಲ್ಲದೆ ಒಂದೇ ಜೋಡಿ ಹಲವು ಬಗೆಯಲ್ಲಿ ಸೇರುತ್ತದೆ. ಒಂದಕ್ಕೆ ಒಂದು ಸೇರಿದರೆ ಕಾರ್ಬನ್ ಮೊನಾಕ್ಸೈಡ್, ಅಂದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಪ್ರಾಣ ತೆಗೆಯುವ ಅನಿಲ. ಒಂದಕ್ಕೆ ಎರಡು ಸೇರಿದರೆ ಸೋಡಾ ಬಾಟಲಿಯ ಗುಳ್ಳೆ. ನೈಟ್ರೋಜನ್ನಿನ ಆಕ್ಸೈಡುಗಳಂತೂ ಅರ್ಧ ಡಜನ್ ಮೀರುತ್ತವೆ. ಇಂಥ ಕಡೆ ಸಂಖ್ಯೆ ಹೇಳದಿದ್ದರೆ ಯಾವುದೆಂದು ತಿಳಿಯುವುದೇ ಇಲ್ಲ.

ಮೊನೊ, ಡೈ, ಟ್ರೈ, ಟೆಟ್ರಾ, ಪೆಂಟಾ, ಹೆಕ್ಸಾ ಎಂದರೆ ಒಂದರಿಂದ ಆರು. ಮೊದಲ ಧಾತು ಒಂದೇ ಇದ್ದರೆ ಅದಕ್ಕೆ 'ಮೊನೊ' ಹಚ್ಚಬೇಡಿ: 'ಮೊನೊಕಾರ್ಬನ್ ಡೈಆಕ್ಸೈಡ್' ಎನ್ನುವುದಿಲ್ಲ. ಮೊದಲನೆಯದು ಎರಡಿದ್ದರೆ ಹೇಳಲೇಬೇಕು: ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್ ಇದ್ದರೆ ಡೈನೈಟ್ರೋಜನ್ ಟೆಟ್ರಾಕ್ಸೈಡ್. ಆಕ್ಸೈಡ್ ಮುಂದೆ ಬಂದಾಗ ಮೊನೊ, ಟೆಟ್ರಾ, ಪೆಂಟಾಗಳ ಕೊನೆಯ ಸ್ವರ ಬಿದ್ದುಹೋಗುತ್ತದೆ. ಡೈ, ಟ್ರೈ ಹಾಗೇ ಉಳಿಯುತ್ತವೆ.

ಎರಡು ಅಪವಾದ ಗೊತ್ತಿರಲಿ. ಹೈಡ್ರೋಜನ್ ಸಲ್ಫೈಡ್‌ನಲ್ಲಿ ಹೈಡ್ರೋಜನ್ ಎರಡಿದ್ದರೂ ಡೈ ಹಾಕುವ ರೂಢಿಯಿಲ್ಲ. ಟಾರ್ಚ್ ಸೆಲ್ಲಿನ ಕಪ್ಪು ಪುಡಿಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತದೆ. ಮ್ಯಾಂಗನೀಸ್ ಲೋಹವೇ ಆದರೂ ಅದರ ಆವೇಶ ಒಂದೇ ಅಲ್ಲ, ಹಾಗಾಗಿ ಹಳೆಯ 'ಡೈ' ಅಲ್ಲೇ ಉಳಿದುಕೊಂಡಿದೆ.

ಪ್ರಶ್ನೆ: ಅಡ್ಡಗೆರೆ ಹಾಕಿ ವೇಲೆನ್ಸಿ (ಪರಮಾಣುವಿನ ಸೇರುವ ಶಕ್ತಿಯ ಸಂಖ್ಯೆ) ಅದಲುಬದಲು ಮಾಡುವ ಕ್ರಮವನ್ನು ಮಕ್ಕಳು ಬೇಗ ಕಲಿಯುತ್ತಾರೆ. ಆದರೆ ಕ್ಯಾಲ್ಸಿಯಂ ಆಕ್ಸೈಡನ್ನು ಎರಡು ಕ್ಯಾಲ್ಸಿಯಂ, ಎರಡು ಆಕ್ಸಿಜನ್ ಎಂದು ಬಿಡುತ್ತಾರೆ. ಆವರಣ ಚಿಹ್ನೆಯನ್ನಂತೂ ಹಾಕಬಾರದ ಕಡೆ ಹಾಕಿ, ಹಾಕಬೇಕಾದ ಕಡೆ ಮರೆಯುತ್ತಾರೆ. ಹೇಗೆ ತಿದ್ದುವುದು?
– ಪ್ರೌಢಶಾಲಾ ಶಿಕ್ಷಕರು, ಕಡೂರು

ಉತ್ತರ: ಅದಲುಬದಲು ಮಾಡುವುದು ಉತ್ತರಕ್ಕೆ ಬೇಗ ತಲುಪಿಸುತ್ತದೆ, ಆದರೆ ಆ ಉತ್ತರ ಯಾಕೆ ಸರಿ ಎಂಬುದನ್ನು ಮರೆಸಿಬಿಡುತ್ತದೆ. ನಮ್ಮ ಸಲಹೆ ಇಷ್ಟೇ: ಸೂತ್ರ ಬರೆದ ಮೇಲೆ ಕೆಳಗೆ ಒಂದು ಸಾಲು ಆವೇಶದ ಮೊತ್ತ ಬರೆಸಿ. ಮೊದಲ ಎರಡು ವಾರ ಆ ಸಾಲಿಲ್ಲದ ಉತ್ತರಕ್ಕೆ ಅಂಕವೇ ಬೇಡ.

ಅಲ್ಯೂಮಿನಿಯಂ ಸಲ್ಫೇಟ್ ತೆಗೆದುಕೊಳ್ಳಿ. ಅಲ್ಯೂಮಿನಿಯಂ 3+, ಸಲ್ಫೇಟ್ 2–. ಎರಡು ಅಲ್ಯೂಮಿನಿಯಂನಿಂದ 6+, ಮೂರು ಸಲ್ಫೇಟ್‌ನಿಂದ 6–, ಕೂಡಿದರೆ ಸೊನ್ನೆ. ಇಲ್ಲಿ ಮೂರು ಎಂಬುದು ಇಡೀ ಸಲ್ಫೇಟ್ ಗುಂಪಿಗೆ ಸೇರಿದ್ದು, ಹಾಗಾಗಿ ಗುಂಪಿಗೆ ಆವರಣ ಹಾಕಿ ಹೊರಗೆ 3 ಬರೆಯಬೇಕು. ಪರಮಾಣುಗಳನ್ನು ಎಣಿಸಿದರೆ 2 ಅಲ್ಯೂಮಿನಿಯಂ, 3 ಗಂಧಕ, 12 ಆಕ್ಸಿಜನ್. ಆವರಣ ಬಿಟ್ಟರೆ ಸಲ್ಫೇಟಿನ 4ರ ಪಕ್ಕದಲ್ಲಿ 3 ಕೂತು 43 ಆಕ್ಸಿಜನ್ ಆಗುತ್ತದೆ. ಹುಡುಗರಿಗೆ ಇದನ್ನು ಒಮ್ಮೆ ಕಪ್ಪು ಹಲಗೆಯ ಮೇಲೆ ಎಣಿಸಿ ತೋರಿಸಿದರೆ ನಕ್ಕು ನೆನಪಿಟ್ಟುಕೊಳ್ಳುತ್ತಾರೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಲ್ಲೂ ಇದೇ ಕಥೆ: ಆವರಣ ಇಲ್ಲದಿದ್ದರೆ ಆಕ್ಸಿಜನ್ ಒಂದೇ ಉಳಿದು ಹೈಡ್ರೋಜನ್ ಮಾತ್ರ ಎರಡಾಗುತ್ತದೆ. ಆವರಣಕ್ಕೆ ನಿಯಮ ಒಂದೇ. ಒಂದಕ್ಕಿಂತ ಹೆಚ್ಚು ಪರಮಾಣುಗಳಿರುವ ಅಯಾನು ಒಂದಕ್ಕಿಂತ ಹೆಚ್ಚು ಸಲ ಬಂದರೆ ಮಾತ್ರ ಆವರಣ. ಸೋಡಿಯಂ ಹೈಡ್ರಾಕ್ಸೈಡ್‌ಗೆ ಬೇಡ, ಮೆಗ್ನೀಸಿಯಂ ಕ್ಲೋರೈಡ್‌ಗೂ ಬೇಡ.

ಸಂಖ್ಯೆಗಳನ್ನು ಸಂಕ್ಷೇಪಿಸುವ ವಿಷಯ. ಅಯಾನುಗಳಿಂದಾದ ವಸ್ತುವಿನಲ್ಲಿ ಸೂತ್ರ ಹೇಳುವುದು ಅನುಪಾತವನ್ನು ಮಾತ್ರ. ಸುಣ್ಣದ ಹರಳಿನಲ್ಲಿ ಬಿಡಿ 'ಅಣು' ಎಂಬುದಿಲ್ಲ, ಕ್ಯಾಲ್ಸಿಯಂ ಮತ್ತು ಆಕ್ಸೈಡ್ ಅಯಾನುಗಳು ಒಂದಕ್ಕೊಂದರಂತೆ ಸಾಲುಗಟ್ಟಿವೆ. ಆದ್ದರಿಂದ 2:2 ಎಂದರೂ 1:1 ಎಂದೇ ಬರೆಯಬೇಕು. ಆದರೆ ಇದೇ ಚಾಳಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡನ್ನು 1:1 ಮಾಡಿಬಿಟ್ಟರೆ ತಪ್ಪು. ಅದು ಎರಡು ಹೈಡ್ರೋಜನ್, ಎರಡು ಆಕ್ಸಿಜನ್ ಇರುವ ನಿಜವಾದ ಅಣು. ಸೋಡಿಯಂ ಪೆರಾಕ್ಸೈಡನ್ನೂ ಇಳಿಸುವಂತಿಲ್ಲ. ಪೆರಾಕ್ಸೈಡ್ ಅಯಾನು ಎಂದರೆ ಜೋಡಿಯಾಗಿರುವ ಎರಡು ಆಕ್ಸಿಜನ್‌ಗೆ ಸೇರಿ 2–, ಅದನ್ನು ಒಡೆಯುವ ಹಾಗಿಲ್ಲ. ಪಾದರಸದ 1+ ರೂಪವೂ ಇದೇ ಜಾತಿಯದು. ಅದು ಯಾವಾಗಲೂ ಎರಡು ಪರಮಾಣು ಜೊತೆಗೂಡಿ 2+ ಆಗಿಯೇ ಇರುತ್ತದೆ. ಒಂಬತ್ತನೇ ತರಗತಿಗೆ ಇವು ಬೇಡ, ಜಾಣ ಹುಡುಗ ಎದ್ದು ಕೇಳಿದರೆ ಉತ್ತರ ಕೈಯಲ್ಲಿರಲಿ.

ಪ್ರಶ್ನೆ: ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ರೋಗದ ಔಷಧಿ) ಹೊಡೆಯಲು ಅಂಗಡಿಯಲ್ಲಿ ಸುಣ್ಣ ಕೇಳಿದರೆ 'ಕೃಷಿ ಸುಣ್ಣ' ಎಂಬ ಚೀಲ ಕೊಟ್ಟರು. ಬೆರೆಸಿದರೆ ಬಣ್ಣ ಸರಿ ಬರಲಿಲ್ಲ, ಬಿಳಿ ಪುಡಿ ತಳಕ್ಕೆ ಕೂತಿತು. ಚೀಲದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದೆ. ಅದೂ ಸುಣ್ಣವೇ ಅಲ್ಲವೇ?
– ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ಅಂಗಡಿಯ ಮಾತಿನಲ್ಲಿ ಸುಣ್ಣವೇ, ಬೋರ್ಡೋ ಪಾಲಿಗೆ ಅಲ್ಲ. ನಾವು ಸುಣ್ಣ ಎಂದು ಕರೆಯುವ ಹೆಸರಿನಡಿ ಮೂರು ಬೇರೆ ವಸ್ತುಗಳಿವೆ. ಸುಟ್ಟ ಸುಣ್ಣದ ಗಟ್ಟಿ ಕ್ಯಾಲ್ಸಿಯಂ ಆಕ್ಸೈಡ್. ಅದಕ್ಕೆ ನೀರು ಹಾಕಿ ಅರಳಿಸಿದ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಮಣ್ಣಿನ ಹುಳಿ ತೆಗೆಯಲು ತೋಟಕ್ಕೆ ಎರಚುವ ಕೃಷಿ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಪುಡಿ. ಡಾಲೊಮೈಟ್ ಎಂದು ಮಾರುವುದರಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕಾರ್ಬೊನೇಟೂ ಸೇರಿರುತ್ತದೆ. ಮೂರರಲ್ಲೂ ಧನ ಅಯಾನು ಅದೇ ಕ್ಯಾಲ್ಸಿಯಂ 2+. ಕೆಲಸ ಮಾಡುವುದು ಅದರ ಜೊತೆಗಿರುವ ಋಣ ಅಯಾನು. ಆದ್ದರಿಂದ ಹೆಸರಿನ ಎರಡನೇ ಪದ ಓದದೆ ಚೀಲ ಮನೆಗೆ ತರಬೇಡಿ.

ಬೋರ್ಡೋದಲ್ಲಿ ಆಗುವುದೇನು? ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್, ಪ್ರತಿ ಘಟಕದ ಜೊತೆ ಐದು ನೀರಿನ ಅಣು ಹಿಡಿದಿರುವ ಹರಳು. ಚೀಲದ ಮೇಲೆ 'ಪೆಂಟಾಹೈಡ್ರೇಟ್' ಎಂದಿರುವುದು ಆ ಐದನ್ನೇ. ಹರಳಿನ ತೂಕದಲ್ಲಿ ತಾಮ್ರ ಕಾಲುಭಾಗ ಮಾತ್ರ, ಸುಮಾರು ಶೇ. 25. ನೀರಿನಲ್ಲಿ ಕರಗಿದಾಗ ಬಿಡಿಯಾಗುವ ತಾಮ್ರದ 2+ ಅಯಾನು ಎಲೆಯನ್ನೂ ಎಳೆಕಾಯಿಯನ್ನೂ ಸುಡುತ್ತದೆ. ಸುಣ್ಣದ ಹೈಡ್ರಾಕ್ಸೈಡ್ ಅಯಾನು ಅದನ್ನು ಹಿಡಿದು ಕರಗದ ನೀಲಿ ಪದರವಾಗಿಸುತ್ತದೆ. ಅದು ಗೊನೆಗೆ ಅಂಟಿಕೊಂಡು ಮಳೆಯಲ್ಲಿ ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುತ್ತಾ ಹೋಗುತ್ತದೆ. ಕಾರ್ಬೊನೇಟ್ ಪುಡಿ ನೀರಿನಲ್ಲಿ ಕರಗುವುದೇ ಅಪರೂಪ, ಬಕೆಟ್ಟಿನಲ್ಲಿ ಕದಡುವ ಹೊತ್ತಿನೊಳಗೆ ಆ ಕೆಲಸ ಮಾಡಿ ಮುಗಿಸದು. ತಾಮ್ರ ಬಿಡಿಯಾಗಿಯೇ ಉಳಿಯುತ್ತದೆ. ಆ ದ್ರಾವಣ ಹೊಡೆಯದೆ ನಿಲ್ಲಿಸಿದ್ದರೆ ಒಳ್ಳೆಯದಾಯಿತು.

ಅಡಿಕೆಯ ಕೊಳೆರೋಗಕ್ಕೆ ಶೇ. 1ರ ದ್ರಾವಣ: 1 ಕಿಲೊ ಮೈಲುತುತ್ತ, 1 ಕಿಲೊ ಅರಳಿದ ಸುಣ್ಣ, 100 ಲೀಟರ್ ನೀರು. ಕಾಫಿಯ ಎಲೆತುಕ್ಕಿಗೆ ಶೇ. 0.5 ಸಾಕು, ಎರಡೂ ಅರ್ಧ ಕಿಲೊ. ಮೈಲುತುತ್ತವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ; ತಳಕ್ಕೆ ಹಾಕಿದರೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಉಳಿದ 50 ಲೀಟರ್‌ನಲ್ಲಿ ಸುಣ್ಣ ಕಲಸಿ, ಬಟ್ಟೆಯಲ್ಲಿ ಸೋಸಿ. ಇಲ್ಲವಾದರೆ ನಾಝಲ್ ಕಟ್ಟುತ್ತದೆ. ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರನ್ನು ಕದಡುತ್ತಾ ಸುರಿಯಿರಿ. ಪ್ಲಾಸ್ಟಿಕ್ ಡ್ರಮ್ ಆಗಬಹುದು, ಕಬ್ಬಿಣದ ಅಥವಾ ಜಿಂಕ್ ತಗಡಿನ ಬಕೆಟ್ ಬೇಡವೇ ಬೇಡ. ಕಬ್ಬಿಣ ಕರಗಿ ತಾಮ್ರ ಹೊರಬೀಳುತ್ತದೆ, ಪಾತ್ರೆಯೂ ಹಾಳು, ಔಷಧಿಯೂ ಹಾಳು. ಬೆರೆಸಿದ್ದನ್ನು ಅಂದೇ ಹೊಡೆದು ಮುಗಿಸಿ.

ಪರೀಕ್ಷೆಯೂ ಅದೇ ಗುಣದ್ದು. ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಮಾಮೂಲಿ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ. ಅಲಗಿನ ಮೇಲೆ ಕೆಂಪು ಪದರ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ನೋಡಿ. ಸ್ಟೀಲ್ ಚಮಚ ಅದ್ದಿ ಏನೂ ಆಗಲಿಲ್ಲವೆಂದು ಸಮಾಧಾನಪಡಬೇಡಿ, ಸ್ಟೇನ್‌ಲೆಸ್ ಸ್ಟೀಲಿನ ಮೈಮೇಲಿನ ಪದರ ತಾಮ್ರವನ್ನು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ.

ಕೈಯಲ್ಲಿರುವ ಸುಣ್ಣ ಯಾವುದೆಂದು ತಿಳಿಯಲು ಒಂದು ಚಮಚ ಪುಡಿಗೆ ನಿಂಬೆರಸ ಹಿಂಡಿ. ಬುರುಬುರು ನೊರೆ ಬಂದರೆ ಕಾರ್ಬೊನೇಟ್. ನೊರೆಯಿಲ್ಲದೆ, ನೀರು ಹಾಕಿದರೆ ಬಿಸಿಯೇರಿದರೆ ಸುಟ್ಟ ಸುಣ್ಣ. ಎರಡೂ ಇಲ್ಲದಿದ್ದರೆ ಅರಳಿದ ಸುಣ್ಣ. ಬಾಯಿ ಬಿಚ್ಚಿಟ್ಟ ಹಳೆಯ ಅರಳಿದ ಸುಣ್ಣವೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮೆಲ್ಲಗೆ ಕಾರ್ಬೊನೇಟ್ ಆಗುತ್ತದೆ, ಹೋದ ವರ್ಷದ ಚೀಲವನ್ನು ನಂಬಬೇಡಿ. ಸುಟ್ಟ ಸುಣ್ಣ ಸಿಕ್ಕರೆ 1 ಕಿಲೊ ಅರಳಿದ ಸುಣ್ಣದ ಬದಲು ಸುಮಾರು 760 ಗ್ರಾಂ ಸಾಕು. ಆದರೆ ಅರಳಿಸುವಾಗ ನೀರು ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಹಾಕಿ.

ಪ್ರಶ್ನೆ: ಫೆರಸ್, ಫೆರಿಕ್ ಎಂದು ಒಂದು ಪುಸ್ತಕ, ಐರನ್ ಪಕ್ಕದಲ್ಲಿ ರೋಮನ್ ಅಂಕಿ ಎಂದು ಇನ್ನೊಂದು ಪುಸ್ತಕ. ಕುದುರೆಮುಖದ ಅದಿರಿನಲ್ಲಿ ಮೂರು ಕಬ್ಬಿಣಕ್ಕೆ ನಾಲ್ಕು ಆಕ್ಸಿಜನ್ ಎಂದು ಓದಿದೆ. ಲೆಕ್ಕ ಹಾಕಿದರೆ ಕಬ್ಬಿಣದ ಆವೇಶ ಭಿನ್ನರಾಶಿಯಲ್ಲಿ ಬರುತ್ತದೆ!
– ಹತ್ತನೇ ತರಗತಿ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಕೆಲವು ಲೋಹಗಳಿಗೆ ಒಂದಕ್ಕಿಂತ ಹೆಚ್ಚು ಆವೇಶವಿದೆ. ಹಳೆಯ ಕ್ರಮದಲ್ಲಿ ಕಡಿಮೆಯದಕ್ಕೆ 'ಅಸ್', ಹೆಚ್ಚಿನದಕ್ಕೆ 'ಇಕ್'. ಕಬ್ಬಿಣದಲ್ಲಿ ಫೆರಸ್ 2+, ಫೆರಿಕ್ 3+. ತಾಮ್ರದಲ್ಲಿ ಕ್ಯುಪ್ರಸ್ 1+, ಕ್ಯುಪ್ರಿಕ್ 2+. ತವರದಲ್ಲಿ ಸ್ಟ್ಯಾನಸ್ 2+, ಸ್ಟ್ಯಾನಿಕ್ 4+. ಎಡವುವುದು ಇಲ್ಲೇ. 'ಅಸ್' ಎಂದರೆ ಕಡಿಮೆ ಎಂದಷ್ಟೇ ತಿಳಿಯುತ್ತದೆ, ಎಷ್ಟು ಎಂದು ತಿಳಿಯುವುದಿಲ್ಲ. ಫೆರಸ್ 2 ಎಂದು ಕಲಿತವರು ಕ್ಯುಪ್ರಸ್‌ಗೂ 2 ಹಾಕಿ ಅಂಕ ಕಳೆದುಕೊಳ್ಳುತ್ತಾರೆ. ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಆವೇಶವನ್ನೇ ಅಂಕಿಯಲ್ಲಿ ಹೇಳಿಬಿಡುವ ಕ್ರಮ ಸೂಚಿಸಿದ. ಲೋಹದ ಹೆಸರಿಗೆ ಅಂಟಿಕೊಂಡಂತೆ, ಆವರಣದೊಳಗೆ ರೋಮನ್ ಅಂಕಿ. ಇದೇ ಒಳ್ಳೆಯದು, ಹೊಸದಾಗಿ ಕಲಿಯುವವರು ಇದನ್ನೇ ಹಿಡಿಯಲಿ. ಹಳೆಯದನ್ನು ಓದಿ ಗುರುತಿಸುವಷ್ಟು ಗೊತ್ತಿದ್ದರೆ ಸಾಕು, ಯಾಕೆಂದರೆ ಔಷಧಿ ಅಂಗಡಿಯ ಕಬ್ಬಿಣದ ಮಾತ್ರೆಯ ಮೇಲೆ ಇಂದಿಗೂ 'ಫೆರಸ್ ಸಲ್ಫೇಟ್' ಎಂದೇ ಇರುತ್ತದೆ. ನಮ್ಮ ಹಿರಿಯರ ಅನ್ನಭೇದಿಯೂ ಅದೇ.

ಆ ಅಂಕಿ ಪರಮಾಣುಗಳ ಸಂಖ್ಯೆಯಲ್ಲ. ಮೂರು ಕ್ಲೋರೈಡ್ ಇರುವ ಕಬ್ಬಿಣದ ಕ್ಲೋರೈಡ್‌ನಲ್ಲಿ ಕಬ್ಬಿಣ ಒಂದೇ, ಅಂಕಿ ಮಾತ್ರ 3. ಎರಡು ಕಬ್ಬಿಣ, ಮೂರು ಆಕ್ಸಿಜನ್ ಇರುವ ಆಕ್ಸೈಡ್‌ನಲ್ಲಿ ಋಣ ಆವೇಶ ಒಟ್ಟು 6. ಅದನ್ನು ಎರಡು ಕಬ್ಬಿಣಕ್ಕೆ ಹಂಚಿದರೆ ತಲಾ 3. ಅದಕ್ಕೂ ಅಂಕಿ 3. ಬಾಬಾಬುಡನ್‌ಗಿರಿ ಸಾಲಿನ ಕೆಂಪು ಹೆಮಟೈಟ್ ಇದೇ. ಕೆಮ್ಮಣ್ಣುಗುಂಡಿಯಿಂದ ಒಂದು ಕಾಲದಲ್ಲಿ ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಇಳಿಯುತ್ತಿತ್ತು.

2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದ ಅದಿರಿನ ಮುಖ್ಯ ಖನಿಜ ಮ್ಯಾಗ್ನೆಟೈಟ್. ನಾಲ್ಕು ಆಕ್ಸೈಡ್ ಅಂದರೆ 8–. ಮೂರು ಕಬ್ಬಿಣಕ್ಕೆ ಸಮನಾಗಿ ಹಂಚಿದರೆ ನೀವು ಹೇಳಿದಂತೆ ಭಿನ್ನರಾಶಿ ಬರುತ್ತದೆ. ನಿಮ್ಮ ಕೂಡುವಿಕೆ ಸರಿಯಿದೆ, ಸಮನಾಗಿ ಹಂಚಿದ್ದು ಸರಿಯಿಲ್ಲ. ಅಲ್ಲಿ ಒಂದು ಕಬ್ಬಿಣ 2+, ಎರಡು ಕಬ್ಬಿಣ 3+. ಎರಡು, ಆರು ಕೂಡಿ ಎಂಟು. ಆದ್ದರಿಂದ ಆವರಣದೊಳಗೆ ಎರಡೂ ಅಂಕಿ ಬರುತ್ತವೆ: ಐರನ್(II,III) ಆಕ್ಸೈಡ್. ಸರಾಸರಿ ಭಿನ್ನರಾಶಿಯಲ್ಲಿ ಬಂದಾಗಲೆಲ್ಲ ಒಂದೇ ಲೋಹ ಎರಡು ಆವೇಶದಲ್ಲಿ ಇರಬಹುದೇ ಎಂದು ನೋಡಿ. ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್ ಅದಿರಿನಲ್ಲೂ ನಾಲ್ಕು ಆಕ್ಸಿಜನ್, ಜೊತೆಗೆ ಒಂದು ಕಬ್ಬಿಣ, ಎರಡು ಕ್ರೋಮಿಯಂ. ಕಬ್ಬಿಣ 2+ ಆದರೆ ಕ್ರೋಮಿಯಂ ಎಷ್ಟು? ಮಾಡಿ ನೋಡಿ.

ಪ್ರಶ್ನೆ: ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ಚೀಲದ ಮೇಲೆ 18-46 ಎಂದಿದೆ. 46 ಎಂದರೆ ರಂಜಕ ಶೇ. 46 ಎಂದುಕೊಂಡಿದ್ದೆವು, ಮಗಳು ಅಲ್ಲ ಎನ್ನುತ್ತಾಳೆ. ಪೊಟ್ಯಾಷ್ ಚೀಲದಲ್ಲಿ ಕ್ಲೋರೈಡ್ ಎಂದು ಬರೆದು, ಪಕ್ಕದಲ್ಲೇ ಆಕ್ಸೈಡಿನ ಲೆಕ್ಕ ಕೊಟ್ಟಿದ್ದಾರೆ.
– ರೈತರು, ಬೇಲೂರು

ಉತ್ತರ: ಮಗಳ ಮಾತು ಸರಿ. ಗೊಬ್ಬರದ ಲೆಕ್ಕದಲ್ಲಿ ಸಾರಜನಕವನ್ನು ಧಾತುವಾಗಿಯೂ, ರಂಜಕವನ್ನು 'ಎರಡು ರಂಜಕ, ಐದು ಆಕ್ಸಿಜನ್' ಇರುವ ಆಕ್ಸೈಡ್ ರೂಪದಲ್ಲಿಯೂ, ಪೊಟ್ಯಾಸಿಯಂ ಅನ್ನು 'ಎರಡು ಪೊಟ್ಯಾಸಿಯಂ, ಒಂದು ಆಕ್ಸಿಜನ್' ಇರುವ ಆಕ್ಸೈಡ್ ರೂಪದಲ್ಲಿಯೂ ಹೇಳುವ ಹಳೆಯ ರೂಢಿ ಇದೆ. ಚೀಲದೊಳಗೆ ಆ ಆಕ್ಸೈಡುಗಳು ಇರುವುದಿಲ್ಲ, ಅದು ಬರೀ ಲೆಕ್ಕದ ಭಾಷೆ. ರಂಜಕದ ಆಕ್ಸೈಡ್ ಅಂಕಿಯನ್ನು 0.44ರಿಂದ, ಪೊಟ್ಯಾಷಿನದನ್ನು 0.83ರಿಂದ ಗುಣಿಸಿದರೆ ಧಾತುವಿನ ತೂಕ ಸಿಗುತ್ತದೆ. 50 ಕಿಲೊ ಡಿಎಪಿಯಲ್ಲಿ 9 ಕಿಲೊ ಸಾರಜನಕ, ಆಕ್ಸೈಡ್ ಲೆಕ್ಕದಲ್ಲಿ 23 ಕಿಲೊ, ಅಂದರೆ ರಂಜಕವೆಂದು ಸುಮಾರು 10 ಕಿಲೊ. ಶೇ. 60ರ 50 ಕಿಲೊ ಪೊಟ್ಯಾಷ್ ಚೀಲದಲ್ಲಿ ಆಕ್ಸೈಡ್ ಲೆಕ್ಕಕ್ಕೆ 30 ಕಿಲೊ, ಪೊಟ್ಯಾಸಿಯಂ ಎಂದು ಸುಮಾರು 25 ಕಿಲೊ. ಮಣ್ಣು ಪರೀಕ್ಷೆಯ ಶಿಫಾರಸು ಯಾವ ರೂಪದಲ್ಲಿದೆ ಎಂದು ನೋಡಿಯೇ ಚೀಲ ಎಣಿಸಿ, ಇಲ್ಲದಿದ್ದರೆ ರಂಜಕ ಎರಡು ಪಟ್ಟಿಗಿಂತ ಹೆಚ್ಚು ತಪ್ಪುತ್ತದೆ.

ಮಗಳಿಗೆ ಒಂದು ಮಾತು. ಲೋಹ-ಅಲೋಹ ಸೇರಿದಾಗ 'ಡೈ' ಬೇಡ ಎಂದು ಮೇಲೆ ಹೇಳಿದೆವು, ಡಿಎಪಿಯಲ್ಲಿ 'ಡೈ' ಯಾಕೆ? ಫಾಸ್ಫಾರಿಕ್ ಆಮ್ಲದಲ್ಲಿ ಮೂರು ಹೈಡ್ರೋಜನ್ ಇವೆ. ಅದರಲ್ಲಿ ಎರಡರ ಜಾಗಕ್ಕೆ ಮಾತ್ರ ಅಮೋನಿಯಂ ಬಂದಿದೆ, ಒಂದು ಹೈಡ್ರೋಜನ್ ಉಳಿದಿದೆ. ಪೂರ್ತಿ ಹೆಸರು ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟ್. ಒಂದರ ಜಾಗಕ್ಕೆ ಬಂದದ್ದೂ ಮಾರಾಟದಲ್ಲಿದೆ, ಅದು ಮೊನೊಅಮೋನಿಯಂ. ಆಯ್ಕೆ ಇರುವುದರಿಂದಲೇ ಸಂಖ್ಯೆ ಹೇಳಬೇಕಾಯಿತು.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನ ವರದಿಯಲ್ಲಿ ಫ್ಲೋರೈಡ್ 1.3, ನೈಟ್ರೇಟ್ 12, ಗಡಸುತನ 'ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ' 248 ಎಂದಿದೆ. ನೀರಿನಲ್ಲಿ ಸುಣ್ಣಕಲ್ಲು ಅಷ್ಟು ಕರಗಿದೆಯೇ? ನೈಟ್ರೇಟ್ ಮಿತಿ 45 ಅಂತ ಒಬ್ಬರು, 10 ಅಂತ ಇನ್ನೊಬ್ಬರು.
– ಅರಸೀಕೆರೆ

ಉತ್ತರ: ಎಲ್ಲವೂ ಲೀಟರಿಗೆ ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಗಡಸುತನವೂ ಗೊಬ್ಬರದ ಚೀಲದ ಹಾಗೆ ಲೆಕ್ಕದ ಭಾಷೆ. ನೀರಿನಲ್ಲಿರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು. ಎರಡನ್ನೂ ಒಂದೇ ಅಂಕಿಯಲ್ಲಿ ಹೇಳಲು ಕಾರ್ಬೊನೇಟ್‌ಗೆ ಪರಿವರ್ತಿಸುತ್ತಾರೆ. ಕ್ಯಾಲ್ಸಿಯಂ ಅನ್ನು 2.5ರಿಂದ, ಮೆಗ್ನೀಸಿಯಂ ಅನ್ನು 4.1ರಿಂದ ಗುಣಿಸಿ ಕೂಡಿಸಿ. ಕ್ಯಾಲ್ಸಿಯಂ 60, ಮೆಗ್ನೀಸಿಯಂ 24 ಇದ್ದರೆ 150 ಮತ್ತು 98 ಸೇರಿ ನಿಮ್ಮ 248 ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ 200ರವರೆಗೆ ಇರುವುದು ಅಪೇಕ್ಷಣೀಯ, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಸಹನೀಯ. ಪಾತ್ರೆಯಲ್ಲಿ ಬಿಳಿ ಕಲೆ ಕಟ್ಟುತ್ತದೆ, ಸೋಪು ನೊರೆ ಬರುವುದು ಕಡಿಮೆ.

ನೈಟ್ರೇಟ್ ವಿಷಯದಲ್ಲಿ ಇಬ್ಬರೂ ಸರಿ, ಆದರೆ ಬೇರೆ ಬೇರೆ ವಸ್ತು ಅಳೆಯುತ್ತಿದ್ದಾರೆ. ಇಡೀ ನೈಟ್ರೇಟ್ ಅಯಾನನ್ನು ತೂಗಿದರೆ ಮಿತಿ 45. ಅದರೊಳಗಿನ ಸಾರಜನಕವನ್ನು ಮಾತ್ರ ತೂಗಿದರೆ ಅದೇ ಮಿತಿ ಸುಮಾರು 10. ಸಾರಜನಕದ ಅಂಕಿಯಿಂದ ನೈಟ್ರೇಟ್ ಅಂಕಿಗೆ ಹೋಗಲು 4.43ರಿಂದ ಗುಣಿಸಬೇಕು. ನಿಮ್ಮ 12 'ನೈಟ್ರೇಟ್ ಆಗಿ' ಆದರೆ ಚಿಂತೆಯಿಲ್ಲ. 'ನೈಟ್ರೋಜನ್ ಆಗಿ' ಆದರೆ 53 ಆಯಿತು, ಮಿತಿ ಮೀರಿದೆ. ಎಳೆ ಮಕ್ಕಳಿಗೆ ಆ ನೀರು ಕೊಡಬಾರದು. ಪ್ರಯೋಗಾಲಯಕ್ಕೆ ಫೋನ್ ಮಾಡಿ ಇದೊಂದನ್ನು ಕೇಳಿ.

ಫ್ಲೋರೈಡ್ 1.0ರೊಳಗೆ ಇರಬೇಕು, ಬೇರೆ ಮೂಲವಿಲ್ಲದಿದ್ದರೆ 1.5. ನಿಮ್ಮದು ನಡುವೆ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಹೆಚ್ಚುತ್ತದೆ. ನೈಟ್ರೇಟಿಗೂ ಇದೇ ಮಾತು. ಅಂದಹಾಗೆ 'ಫ್ಲೋರಿನ್ ನೀರು' ಎಂಬ ಮಾತು ಬಿಡಿ. ಫ್ಲೋರಿನ್ ಕೈಯಿಟ್ಟರೆ ಸುಡುವ ಅನಿಲ, ನೀರಿನಲ್ಲಿರುವುದು ಅದರ 1– ಅಯಾನು.

ಪ್ರಶ್ನೆ: ಅಡುಗೆ ಸೋಡಾ, ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಒಂದೇ ಜಾತಿಯವೇ?
– ಗೃಹಿಣಿ, ತರೀಕೆರೆ

ಉತ್ತರ: ಸೋಡಿಯಂ ಮಾತ್ರ ಒಂದೇ. ಅಡುಗೆಯದು ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್, ಹಳೆಯ ಹೆಸರು ಬೈಕಾರ್ಬೊನೇಟ್. ಬಿಸಿಯಾದಾಗ ಅನಿಲ ಬಿಟ್ಟು ಕಾರ್ಬೊನೇಟ್ ಆಗುತ್ತದೆ, ಹೆಚ್ಚು ಹಾಕಿದರೆ ಬೋಂಡಾ ಸೋಪಿನ ರುಚಿ ಬರುವುದು ಅದರಿಂದಲೇ. ವಾಷಿಂಗ್ ಸೋಡಾ ಹತ್ತು ನೀರಿನ ಅಣು ಹಿಡಿದ ಸೋಡಿಯಂ ಕಾರ್ಬೊನೇಟ್; ತೆರೆದಿಟ್ಟರೆ ಹರಳು ನೀರು ಕಳೆದುಕೊಂಡು ಪುಡಿಯಾಗುತ್ತದೆ. ಕಾಸ್ಟಿಕ್ ಸೋಡಾ ಸೋಡಿಯಂ ಹೈಡ್ರಾಕ್ಸೈಡ್, ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮೂರನ್ನೂ ಒಂದೇ ತರಹದ ಡಬ್ಬದಲ್ಲಿ ಇಡಬೇಡಿ.

ಪ್ರಶ್ನೆ: ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ. ಸಲ್ಫೈಡ್, ಸಲ್ಫೈಟ್, ಸಲ್ಫೇಟ್ ಕಿವಿಗೆ ಒಂದೇ ಥರ ಕೇಳುತ್ತವೆ. ಏನು ಬಾಯಿಪಾಠ ಮಾಡಬೇಕು, ಏನು ಬಿಡಬಹುದು?
– ಪ್ರಥಮ ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಸಂಯುಕ್ತಗಳನ್ನು ಬಾಯಿಪಾಠ ಮಾಡಬೇಡಿ, ಅಯಾನುಗಳನ್ನು ಮಾಡಿ. ಮೂವತ್ತರೊಳಗೆ ಮುಗಿಯುತ್ತದೆ, ಅವುಗಳ ಜೋಡಣೆಯಿಂದ ನೂರಾರು ಹೆಸರು ತಾವಾಗಿ ಬರುತ್ತವೆ. ಧನ ಅಯಾನುಗಳಲ್ಲಿ 1+ ಇರುವವು ಸೋಡಿಯಂ, ಪೊಟ್ಯಾಸಿಯಂ, ಬೆಳ್ಳಿ, ಅಮೋನಿಯಂ, ಹೈಡ್ರೋಜನ್. 2+ ಇರುವವು ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೇರಿಯಂ, ಸತು. ಅಲ್ಯೂಮಿನಿಯಂ 3+. ಕಬ್ಬಿಣ, ತಾಮ್ರ, ತವರ, ಸೀಸ, ಪಾದರಸಕ್ಕೆ ಎರಡೆರಡು. ಋಣದಲ್ಲಿ ಫ್ಲೋರೈಡ್, ಕ್ಲೋರೈಡ್, ಬ್ರೋಮೈಡ್, ಅಯೋಡೈಡ್, ಹೈಡ್ರಾಕ್ಸೈಡ್, ನೈಟ್ರೇಟ್, ನೈಟ್ರೈಟ್, ಹೈಡ್ರೋಜನ್ ಕಾರ್ಬೊನೇಟ್ 1–. ಆಕ್ಸೈಡ್, ಸಲ್ಫೈಡ್, ಸಲ್ಫೇಟ್, ಸಲ್ಫೈಟ್, ಕಾರ್ಬೊನೇಟ್ 2–. ನೈಟ್ರೈಡ್, ಫಾಸ್ಫೇಟ್ 3–. ಅಮೋನಿಯಂ ಮತ್ತು ಅಮೋನಿಯಾ ಬೇರೆ: ಅಮೋನಿಯಾ ಮೂರು ಹೈಡ್ರೋಜನ್ನಿನ ಆವೇಶವಿಲ್ಲದ ಅನಿಲ, ಅಮೋನಿಯಂ ನಾಲ್ಕು ಹೈಡ್ರೋಜನ್ನಿನ 1+ ಅಯಾನು.

ಕೊನೆಯ ಅಕ್ಷರದ ಮೇಲೆ ಕಣ್ಣಿಡಿ. 'ಐಡ್' ಎಂದರೆ ಸಾಮಾನ್ಯವಾಗಿ ಒಂಟಿ ಧಾತು, ಆಕ್ಸಿಜನ್ ಸೇರಿಲ್ಲ; ಹೈಡ್ರಾಕ್ಸೈಡ್ ಇದಕ್ಕೆ ಅಪವಾದ. 'ಏಟ್' ಮತ್ತು 'ಐಟ್' ಎರಡರಲ್ಲೂ ಆಕ್ಸಿಜನ್ ಇದೆ, 'ಐಟ್'ನಲ್ಲಿ ಒಂದು ಕಡಿಮೆ. ಆವೇಶ ಬದಲಾಗುವುದಿಲ್ಲ. ಸಲ್ಫೇಟ್ ನಾಲ್ಕು, ಸಲ್ಫೈಟ್ ಮೂರು, ಎರಡೂ 2–. ನೈಟ್ರೇಟ್ ಮೂರು, ನೈಟ್ರೈಟ್ ಎರಡು, ಎರಡೂ 1–. 'ಏಟ್' ಎಂದರೆ ಇಷ್ಟೇ ಆಕ್ಸಿಜನ್ ಎಂಬ ನಿಯಮವಿಲ್ಲ, ಅದನ್ನು ಆಯಾ ಕುಟುಂಬಕ್ಕೆ ನೆನಪಿಡಬೇಕು. ಕ್ಲೋರಿನ್ ಕುಟುಂಬದಲ್ಲಿ ನಾಲ್ಕು ಮೆಟ್ಟಿಲು: ಹೈಪೊಕ್ಲೋರೈಟ್ ಒಂದು, ಕ್ಲೋರೈಟ್ ಎರಡು, ಕ್ಲೋರೇಟ್ ಮೂರು, ಪರ್‌ಕ್ಲೋರೇಟ್ ನಾಲ್ಕು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯಲ್ಲಿ ಕ್ರಿಮಿ ಕೊಲ್ಲುವುದು ಹೈಪೊಕ್ಲೋರೈಟ್. ಕನ್ನಡದಲ್ಲಿ ಬರೆಯುವಾಗಲೂ 'ಡ್' ಮತ್ತು 'ಟ್' ಬಿಡಿಸಿ ಬರೆಯಿರಿ. ಪೊಟ್ಯಾಸಿಯಂ ಕ್ಲೋರೈಡ್ ತೋಟಕ್ಕೆ ಹಾಕುವ ಗೊಬ್ಬರ, ಪೊಟ್ಯಾಸಿಯಂ ಕ್ಲೋರೇಟ್ ಬೆಂಕಿಕಡ್ಡಿಯ ತಲೆಯಲ್ಲಿ ಉರಿಸುವ ವಸ್ತು.

ಆಮ್ಲಗಳು ಇದೇ ಪಟ್ಟಿಯಿಂದ ಬರುತ್ತವೆ. 'ಏಟ್' ಇದ್ದರೆ 'ಇಕ್': ಸಲ್ಫೇಟ್, ಸಲ್ಫ್ಯೂರಿಕ್ ಆಮ್ಲ. 'ಐಟ್' ಇದ್ದರೆ 'ಅಸ್': ಸಲ್ಫೈಟ್, ಸಲ್ಫ್ಯೂರಸ್ ಆಮ್ಲ. 'ಐಡ್' ಇದ್ದರೆ ಮುಂದೆ 'ಹೈಡ್ರೊ', ಹಿಂದೆ 'ಇಕ್': ಹೈಡ್ರೊಕ್ಲೋರಿಕ್ ಆಮ್ಲ. ಗಂಧಕವನ್ನು ಇಂಗ್ಲಿಷಿನಲ್ಲಿ 'ಪಿಎಚ್' ಹಾಕಿ ಬರೆಯುವ ಪುಸ್ತಕವೂ ಇದೆ, 'ಎಫ್' ಹಾಕುವುದೂ ಇದೆ. ಐಯುಪಿಎಸಿ ಒಪ್ಪಿರುವುದು 'ಎಫ್', ಹಾಗೆ ಬರೆದರೆ ತಪ್ಪೆಂದು ಹೆದರಬೇಡಿ. ಸೋಡಿಯಂ, ಪೊಟ್ಯಾಸಿಯಂ, ಕಬ್ಬಿಣ, ತಾಮ್ರ, ಬೆಳ್ಳಿ, ತವರ, ಸೀಸ, ಪಾದರಸಗಳ ಚಿಹ್ನೆ ಇಂಗ್ಲಿಷ್ ಹೆಸರಿಗೆ ಹೊಂದುವುದಿಲ್ಲ, ಅವು ಹಳೆಯ ಲ್ಯಾಟಿನ್ ರೂಪದಿಂದ ಬಂದವು. ಕನ್ನಡ ಮಾಧ್ಯಮದವರಿಗೆ ಈ ಚಿಹ್ನೆಗಳು ಹೇಗೂ ಹೊಸದಾಗಿಯೇ ಕಲಿತವು, ಇಲ್ಲಿ ಇಂಗ್ಲಿಷ್ ಮಾಧ್ಯಮದವರಿಗಿಂತ ನೀವು ಹಿಂದಿಲ್ಲ.